ನನ್ನ ನಂಬರು ತೊಂಬತ್ತಮೂರು



ಸಂಘದ ಕಾರ್ಯಕ್ರಮಗಳಲ್ಲಿ ನನ್ನನ್ನು 'ಆಂಟಿ' ಎಂದು ಕರೆದು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ಹಿಂದಿಯಲ್ಲಿ ಮುಗಿಸುವ ನಿಮಗಾಗಿ ಈ ಬರಹ. ಸಂಪಾದಕರು ಈ ಸಲವೂ ನನ್ನಿಂದ ಕೇಳಿದ್ದು ಮಳೆಗಾಲದ ತಿಂಡಿಗಳ ಮೇಲೊಂದು ಲೇಖನ. ಪತ್ರೊಡೆ ಮಾಡುವ ವಿಧಾನವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಬಾರಿ ನಿರುದ್ಯೋಗದ ಬಗ್ಗೆ ಬರೆಯಲು ಹೊರಟಿದ್ದೇನೆ. "ಜೀವನದಲ್ಲಿ ಒಂದು ದಿನವೂ ಸಂಬಳ ಎಣಿಸದ ಗೃಹಿಣಿಗೆ ದೇಶದ ಉದ್ಯೋಗದ ಉಸಾಬರಿ ಯಾಕೆ?" ಎಂದು ನೀವು ಕೇಳಬಹುದು. ಸಂಬಳ ಎಣಿಸದ ಕಾರಣಕ್ಕೇ ಈ ವಿಷಯ ನನ್ನನ್ನು ಹಿಡಿದುಕೊಂಡಿತು. ಹೇಗೆಂದು ಹೇಳುತ್ತೇನೆ.

2025ರ ಮೇ ತಿಂಗಳ ನಡುವಿನ ಒಂದು ಬೆಳಿಗ್ಗೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಯಜಮಾನರು ಪತ್ರಿಕೆಯಲ್ಲಿದ್ದ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿ ಹೇಳಿದರು. ನಮ್ಮ ಸರಕಾರ ಮೊತ್ತಮೊದಲ ಬಾರಿಗೆ ದೇಶದ ನಿರುದ್ಯೋಗದ ಅಂಕಿಯನ್ನು ತಿಂಗಳ ಲೆಕ್ಕದಲ್ಲಿ ಪ್ರಕಟಿಸಿತ್ತು. ಏಪ್ರಿಲ್ ತಿಂಗಳಿನದು ನೂರಕ್ಕೆ 5.1. "ಪರವಾಗಿಲ್ಲ, ನಾನು ಇನ್ನೂ ಹೆಚ್ಚಿರಬಹುದು ಅಂದುಕೊಂಡಿದ್ದೆ" ಎಂದರು. ಮೇಜಿನ ಆಚೆ ಬದಿಯಲ್ಲಿ ನೀರುದೋಸೆ ತಿನ್ನುತ್ತಿದ್ದ ಮಗ ತಲೆಯೆತ್ತಿ ಕೇಳಿದ, "ಅಮ್ಮಾ, ಈ ಐದರಲ್ಲಿ ನಾನಿದ್ದೇನಾ?"

ಅವನು ಕೆಲಸ ಕಳೆದುಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು.

ಯಜಮಾನರು ಪತ್ರಿಕೆಯ ಹಾಳೆ ಮಗುಚಿದರು. ನನಗೂ ಉತ್ತರ ಗೊತ್ತಿರಲಿಲ್ಲ. ನಾನು ಓದಿದ್ದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯ. ಡಿಕನ್ಸನ ಕಾದಂಬರಿಗಳಲ್ಲಿ ಬರುವ ಬಡವರ ಬಗ್ಗೆ ನಾಲ್ಕು ಪುಟ ಬರೆಯಬಲ್ಲೆನೇ ಹೊರತು, ನಮ್ಮದೇ ದೇಶದಲ್ಲಿ ನಿರುದ್ಯೋಗಿ ಎಂದರೆ ಯಾರು ಎಂಬುದು ತಿಳಿದಿರಲಿಲ್ಲ. ಆದರೆ ಮಗನ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಅಡುಗೆಮನೆಯ ಕೆಲಸ ಮುಗಿದ ಮೇಲೆ ಅವನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಸರಕಾರದ ವರದಿಗಳನ್ನು ಓದತೊಡಗಿದೆ. ಇಂಗ್ಲಿಷ್ ಓದಿದ್ದರ ಪ್ರಯೋಜನ ಮೂವತ್ತೈದು ವರ್ಷಗಳ ಮೇಲೆ ಒದಗಿತು ಎನ್ನಿ.

ದೇಶದ ಆರ್ಥಿಕ ಆರೋಗ್ಯವನ್ನು ಉದ್ಯೋಗದಿಂದ ಯಾಕೆ ಅಳೆಯುತ್ತಾರೆ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಮಾತ್ರ ನಾನು ವರದಿ ನೋಡಬೇಕಾಗಿರಲಿಲ್ಲ. ನಮ್ಮ ಮಾವನವರ ಕತೆಯೇ ಸಾಕಿತ್ತು.

ಮಾವನವರು ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಕೊನೆಗೆ ಲಾಲ್‌ಬಾಗಿನಲ್ಲಿ ಒಂದು ಬಟ್ಟೆ ಗಿರಣಿಯ ಗೇಟಿನೆದುರು ಸ್ವಂತದ ಸಣ್ಣ ಹೋಟೆಲು ಇಟ್ಟರು. ಪಾಳಿ ಬಿಟ್ಟಾಗ ಚಹಾ, ಬನ್, ಉಸಳ. ಗಿರಣಿಯವರದ್ದೆಲ್ಲ ಖಾತೆ. ಸಂಬಳದ ದಿನ ಬಂದು ಚುಕ್ತಾ ಮಾಡುತ್ತಿದ್ದರು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಯಜಮಾನರು ಆಗ ಶಾಲೆಯ ಹುಡುಗ. ಅವರು ಹೇಳುವ ಪ್ರಕಾರ ಮೊದಲ ತಿಂಗಳು ಹೋಟೆಲಿನಲ್ಲಿ ವ್ಯಾಪಾರ ಹೆಚ್ಚೇ ಆಯಿತಂತೆ. ಕೆಲಸವಿಲ್ಲದವರೆಲ್ಲ ಬೆಂಚಿನ ಮೇಲೆ ಕುಳಿತು ಮಾತಾಡುತ್ತ ಚಹಾ ಕುಡಿಯುತ್ತಿದ್ದರು. ಎರಡನೇ ತಿಂಗಳು ಖಾತೆ ಚುಕ್ತಾ ಆಗಲಿಲ್ಲ. ನಾಲ್ಕನೇ ತಿಂಗಳು ಬೆಂಚು ಖಾಲಿ. ಜನ ಕೊಂಕಣಕ್ಕೋ ಘಟ್ಟದ ಮೇಲಿನ ಊರುಗಳಿಗೋ ಹೋಗಿಬಿಟ್ಟಿದ್ದರು. ಪಕ್ಕದ ಖಾನಾವಳಿ ಮುಚ್ಚಿತು. ದರ್ಜಿಯವನು ಯಂತ್ರ ಮಾರಿದ. ಮಾವನವರು ಒಂದೂವರೆ ವರ್ಷ ಹೇಗೋ ತಳ್ಳಿ, ಹೋಟೆಲು ಬಿಟ್ಟುಕೊಟ್ಟು, ಬೇರೆಯವರ ಹೋಟೆಲಿನ ಗಲ್ಲಾದಲ್ಲಿ ಸಂಬಳಕ್ಕೆ ಕುಳಿತರು. ಗಿರಣಿಯ ಒಳಗೆ ಒಂದು ದಿನವೂ ಕಾಲಿಡದ ಮನುಷ್ಯ, ಗಿರಣಿಯ ಮುಷ್ಕರದಲ್ಲಿ ಕೆಲಸ ಕಳೆದುಕೊಂಡರು!

ಒಬ್ಬನ ಸಂಬಳ ಇನ್ನೊಬ್ಬನ ವ್ಯಾಪಾರ. ಉದ್ಯೋಗ ದೇಶದ ಆರೋಗ್ಯದ ಗುರುತಾಗುವುದು ಇಲ್ಲಿಯೇ. ಕೆಲಸ ಹೋದವನು ಖರ್ಚು ನಿಲ್ಲಿಸುತ್ತಾನೆ, ಅದರಿಂದ ಇನ್ನೊಬ್ಬನ ಕೆಲಸ ಹೋಗುತ್ತದೆ, ಅವನೂ ಖರ್ಚು ನಿಲ್ಲಿಸುತ್ತಾನೆ. ಅಮೆರಿಕದಲ್ಲಿ 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದಲ್ಲಿ ಹೀಗೆ ಸಾಲಾಗಿ ಬೀಳುತ್ತ, 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದಂತಾಯಿತು. ಜಾನ್ ಮೇನಾರ್ಡ್ ಕೇನ್ಸ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1936ರಲ್ಲಿ ಬರೆದ ಗ್ರಂಥದಲ್ಲಿ, ಜನರ ಕೈಯ ಖರ್ಚು ಕುಸಿದಾಗ ಮಾರುಕಟ್ಟೆ ತಾನಾಗಿ ಎಲ್ಲರಿಗೂ ಕೆಲಸ ಕೊಡುತ್ತದೆಂದು ಕೈಕಟ್ಟಿ ಕೂರಬಾರದು, ಸರಕಾರವೇ ಮುಂದೆ ಬಂದು ಖರ್ಚು ಮಾಡಬೇಕಾಗಬಹುದು ಎಂದು ವಾದಿಸಿದ. ಮಾವನವರು ಕೇನ್ಸ್‌ನ ಹೆಸರು ಕೇಳಿದವರಲ್ಲ. ಆದರೆ ಆ ಪಾಠ ಅವರ ಖಾತೆ ಪುಸ್ತಕದಲ್ಲಿ ಬರೆದಿತ್ತು.

ಈಗ ಅಮೆರಿಕದಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಉದ್ಯೋಗದ ಅಂಕಿ ಹೊರಬೀಳುತ್ತದೆ. ಅದನ್ನು ನೋಡಿ ಶೇರು ಮಾರುಕಟ್ಟೆಗಳು ಏರುತ್ತವೆ, ಇಳಿಯುತ್ತವೆ. ಕಂಪ್ಯೂಟರ್ ಕಂಪನಿಗಳಲ್ಲಿರುವ ನಿಮ್ಮಲ್ಲಿ ಹಲವರಿಗೆ ಇದು ಗೊತ್ತೇ ಇದೆ. ಉದ್ಯೋಗದ ಅಂಕಿ ಜ್ವರ ನೋಡುವ ಥರ್ಮಾಮೀಟರು ಇದ್ದ ಹಾಗೆ. ಆದರೆ ಮಕ್ಕಳನ್ನು ಸಾಕಿದ ತಾಯಂದಿರಿಗೆ ಒಂದು ವಿಷಯ ಗೊತ್ತು. ಥರ್ಮಾಮೀಟರನ್ನು ಎಲ್ಲಿ ಇಟ್ಟಿದ್ದೀರಿ ಎಂಬುದರ ಮೇಲೆ ಜ್ವರ ಹೆಚ್ಚೋ ಕಡಿಮೆಯೋ ತೋರುತ್ತದೆ.

ಇದಕ್ಕೆ ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. 1991ರಲ್ಲಿ ಬಿ.ಎ. ಮುಗಿಸಿದ ವರ್ಷ ಅಪ್ಪಯ್ಯ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿದರು. ಆಗ ಓದು ಮುಗಿಸಿದವರೆಲ್ಲ ಮಾಡುತ್ತಿದ್ದ ಕೆಲಸ ಅದು. ಒಂದು ಕಾರ್ಡು ಕೊಡುತ್ತಿದ್ದರು. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ನಾನು ಆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಟ್ಟಿದ್ದೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಬೇಕೆಂಬ ಆಸೆಯಿತ್ತು. 1993ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದೆ. ನವೀಕರಣದ ವರ್ಷ ಬಂದಾಗ ಹೊಟ್ಟೆಯಲ್ಲಿ ಮಗಳಿದ್ದಳು. ಯಾರೂ ಬೇಡವೆನ್ನಲಿಲ್ಲ, ಯಾರೂ ನೆನಪಿಸಲೂ ಇಲ್ಲ. ಹೆಸರು ತಾನಾಗಿ ಬಿದ್ದುಹೋಯಿತು.

ಈಗ ಯೋಚಿಸಿ ನೋಡಿ. ಕೆಲಸ ಬೇಕೆಂದು ಹೆಸರು ಬರೆಸಿದವರ ಪಟ್ಟಿಯಲ್ಲಿ ಅಂದು ಒಬ್ಬಳು ಕಡಿಮೆಯಾದಳು. ಕಾಗದದ ಮೇಲೆ ದೇಶದ ಆರೋಗ್ಯ ಕೂದಲೆಳೆಯಷ್ಟು ಸುಧಾರಿಸಿತು. ಆದರೆ ನನಗೆ ಕೆಲಸ ಸಿಕ್ಕಿರಲಿಲ್ಲ. ನಾನು ಕೇಳುವುದನ್ನು ಬಿಟ್ಟಿದ್ದೆ, ಅಷ್ಟೇ.

ಇದು ಹಳೆಯ ಕಾಲದ ಕಾರ್ಡಿನ ದೋಷ ಮಾತ್ರವಲ್ಲ. ಇಂದಿನ ಲೆಕ್ಕದಲ್ಲೂ ಇದೇ ತಿರುವು ಇದೆ. ನಿಮ್ಮ ಕಟ್ಟಡದಲ್ಲಿ 100 ಜನ ವಯಸ್ಕರಿದ್ದಾರೆ ಎನ್ನಿ. 45 ಜನ ಕೆಲಸ ಮಾಡುತ್ತಾರೆ. 5 ಜನ ಕೆಲಸ ಹುಡುಕುತ್ತಿದ್ದಾರೆ. ಉಳಿದ 50 ಜನ ವಿದ್ಯಾರ್ಥಿಗಳು, ಗೃಹಿಣಿಯರು, ನಿವೃತ್ತರು. ಈ 50 ಜನರನ್ನು ಲೆಕ್ಕದಿಂದ ಹೊರಗಿಡುತ್ತಾರೆ. ಕೆಲಸ ಮಾಡುವವರು ಮತ್ತು ಬೇಕೆನ್ನುವವರು ಸೇರಿ 50. ಅವರಲ್ಲಿ 5 ಎಂದರೆ ನಿರುದ್ಯೋಗ ನೂರಕ್ಕೆ 10. ಈಗ ಆ ಐವರಲ್ಲಿ ಮೂವರು ಬೇಸತ್ತು, "ನನಗೆ ಕೆಲಸವೇ ಬೇಡ" ಎಂದು ಕುಳಿತರು ಎನ್ನಿ. ಉಳಿದವರು 47ರಲ್ಲಿ ಇಬ್ಬರು. ನಿರುದ್ಯೋಗ ನೂರಕ್ಕೆ ನಾಲ್ಕು ಚಿಲ್ಲರೆಗೆ ಇಳಿಯಿತು! ಒಬ್ಬರಿಗೂ ಕೆಲಸ ಸಿಗಲಿಲ್ಲ, ಆದರೂ ಜ್ವರ ಇಳಿದಂತೆ ಕಾಣುತ್ತದೆ.

ನಮ್ಮ ದೇಶದ ಹಿರಿಯರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದ ಎಂ. ಎಲ್. ದಾಂತವಾಲಾ ಅವರ ಅಧ್ಯಕ್ಷತೆಯ ಸಮಿತಿ 1970ರಲ್ಲಿ ವರದಿ ಕೊಟ್ಟಿತ್ತು. ಅರ್ಧದಷ್ಟು ಜನ ಸ್ವಂತ ಹೊಲದಲ್ಲೋ ಅಂಗಡಿಯಲ್ಲೋ ದುಡಿಯುವ ದೇಶದಲ್ಲಿ ಒಂದೇ ಒಂದು ಅಂಕಿಯಿಂದ ನಿರುದ್ಯೋಗವನ್ನು ಅಳೆಯಲಾಗದು, ಹಲವು ಬಗೆಯಲ್ಲಿ ಅಳೆಯಬೇಕು ಎಂಬುದು ಅದರ ಸಾರ. ಅದರಂತೆ 1972-73ರಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ವಿವರವಾಗಿ ಕೇಳುವ ಪದ್ಧತಿ ಬಂದಿತು. 2017-18ರಿಂದ ಇದು ಪ್ರತಿವರ್ಷದ ಸಮೀಕ್ಷೆಯಾಯಿತು. ವರ್ಷದ ಹೆಚ್ಚಿನ ಭಾಗ ಏನು ಮಾಡಿದಿರಿ ಎಂಬುದು ಒಂದು ಅಳತೆ. ಕಳೆದ ಏಳು ದಿನಗಳಲ್ಲಿ ಏನು ಮಾಡಿದಿರಿ ಎಂಬುದು ಇನ್ನೊಂದು. ಈ ವಾರದ ಅಳತೆಯಲ್ಲಿ, ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೂ ನೀವು ಉದ್ಯೋಗಿ!

ಈ ಸಮೀಕ್ಷೆಯ ಹುಡುಗಿಯೊಬ್ಬಳು 2018ರಲ್ಲಿ ನಮ್ಮ ಮನೆಗೂ ಬಂದಿದ್ದಳು. ಕೈಯಲ್ಲಿ ಪಾಟಿಯಂಥ ಒಂದು ಯಂತ್ರ. ಯಜಮಾನರದ್ದು, ಮಗಳದ್ದು, ಮಗನದ್ದು ಬರೆದುಕೊಂಡು, "ಆಪ್ ಕ್ಯಾ ಕರ್ತೀ ಹೈ?" ಎಂದಳು. "ಕುಛ್ ನಹೀಂ, ಘರ್ ಪೇ ಹೂಂ" ಎಂದೆ. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ರವಿಕೆ ಇತ್ತು. ಅದನ್ನು ನೋಡಿ, ಹೊರಗಿನವರಿಗೆ ಹೊಲಿದುಕೊಡುತ್ತೀರಾ ಎಂದು ಕೇಳಿದಳು. ಇಲ್ಲ, ಮನೆಮಟ್ಟಿಗೆ ಎಂದೆ. ಅವಳು ಏನೋ ಒತ್ತಿದಳು. ಕುತೂಹಲಕ್ಕೆ ಏನು ಬರೆದೆ ಎಂದು ಕೇಳಿದೆ. "ತಿರಾನವೇ" ಎಂದಳು. ತೊಂಬತ್ತಮೂರು.

ಅದೇನೆಂದು ತಿಳಿದದ್ದು ಮೊನ್ನೆ ವರದಿ ಓದಿದಾಗಲೇ. ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಸ್ವಂತ ಉದ್ಯೋಗದವರಿಗೆ 11. ತಿಂಗಳ ಸಂಬಳದವರಿಗೆ 31. ಕೆಲಸ ಬೇಕೆನ್ನುವವರಿಗೆ 81. ಮನೆಗೆಲಸ ಮಾತ್ರ ಮಾಡುವವರಿಗೆ 92. ಮನೆಗೆಲಸದ ಜತೆಗೆ ಮನೆಯ ಉಪಯೋಗಕ್ಕಾಗಿ ಹೊಲಿಗೆ, ಸೌದೆ ತರುವುದು ಮುಂತಾದ್ದನ್ನೂ ಮಾಡುವವರಿಗೆ 93. ತೊಂಬತ್ತೆರಡು, ತೊಂಬತ್ತಮೂರು ಇಬ್ಬರೂ ದೇಶದ ದುಡಿಯುವ ಪಡೆಯಿಂದ ಹೊರಗೆ. ಅದೇ ರವಿಕೆಯನ್ನು ಪಕ್ಕದ ಮನೆಯವರಿಗೆ ಹಣಕ್ಕೆ ಹೊಲಿದಿದ್ದರೆ ನಾನು 11 ಆಗುತ್ತಿದ್ದೆ. 1959ರಲ್ಲಿ ಗಿರಗಾಂವಿನ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಒತ್ತಲು ಆರಂಭಿಸಿದರು. ಅದೇ ಇಂದಿನ ಲಿಜ್ಜತ್ ಪಾಪಡ್. ಅವರು ಅದುವರೆಗೆ ಮನೆಗಾಗಿ ಒತ್ತಿದ ಹಪ್ಪಳವೂ ಹಪ್ಪಳವೇ ಆಗಿತ್ತಲ್ಲ! ಆದರೆ ಎಣಿಕೆಗೆ ಬಂದದ್ದು ಮಾರಾಟವಾದ ಮೇಲೆ.

ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಅಂಕಿ ಯಾವುದನ್ನು ನೋಡುತ್ತದೆ, ಯಾವುದನ್ನು ನೋಡುವುದಿಲ್ಲ ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಸರಕಾರವೇ ಬೇರೊಂದು ಸಮೀಕ್ಷೆಯಲ್ಲಿ ಜನರು ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ಲೆಕ್ಕಹಾಕಿದೆ. 2024ರ ಆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ನಮ್ಮ ಮನೆಯಲ್ಲಿ ಆ 88ನ್ನು ತಲುಪಲು ಯಜಮಾನರಿಗೆ ಇನ್ನೂ ಸ್ವಲ್ಪ ದೂರವಿದೆ.

ಇದಕ್ಕಿಂತ ಮಿಗಿಲಾದ ಒಗಟು 2020ರದ್ದು. ಆ ವರ್ಷ ಲಾಕ್‌ಡೌನ್ ಬಿದ್ದಾಗ ನಮ್ಮ ಬೀದಿಯ ಹೋಟೆಲಿನ ಮಾಣಿಯೊಬ್ಬ ಮೇ ತಿಂಗಳಲ್ಲಿ ಹೇಗೋ ಬಸ್ಸು ಹಿಡಿದು ಬೈಂದೂರಿನ ಬಳಿಯ ತನ್ನ ಊರಿಗೆ ಹೋದ. ಮುಂಬಯಿಯಿಂದ ಉಡುಪಿ ಜಿಲ್ಲೆಗೆ ಹೋದವರನ್ನೆಲ್ಲ ಆಗ ಶಾಲೆಗಳಲ್ಲಿ ಕ್ವಾರಂಟೈನ್ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ಅಲ್ಲಿಂದ ಬಿಡುಗಡೆಯಾಗುವಾಗ ಮಳೆ ಹಿಡಿದಿತ್ತು. ನೇಜಿ ನೆಡುವ ಸಮಯ. ಅಪ್ಪ, ಅಣ್ಣ, ಅತ್ತಿಗೆ ಮಾಡುತ್ತಿದ್ದ ಒಂದೂಕಾಲು ಎಕರೆ ಗದ್ದೆಗೆ ಇವನೂ ಇಳಿದ. "ಮೂರು ಜನರ ಕೆಲಸವನ್ನು ನಾಲ್ಕು ಜನ ಮಾಡಿದೆವು ಅಮ್ಮಾ, ಭತ್ತ ಮಾತ್ರ ಅಷ್ಟೇ ಬಂತು" ಎಂದು ಮರಳಿ ಬಂದಾಗ ನನ್ನ ಹತ್ತಿರ ಹೇಳಿದ.

ಆ ಮಾಣಿ ನಿರುದ್ಯೋಗಿಯೇ? ಲೆಕ್ಕದಲ್ಲಿ ಅಲ್ಲ. ಕುಟುಂಬದ ಬೇಸಾಯದಲ್ಲಿ ಸಂಬಳವಿಲ್ಲದೆ ಕೈಜೋಡಿಸುವವನಿಗೆ 21 ಎಂಬ ಸಂಖ್ಯೆಯಿದೆ. ಅವನು ಉದ್ಯೋಗಿ. ಅಂಥವರು ದೇಶದಲ್ಲಿ ಎಷ್ಟೋ ಲಕ್ಷ. ದುಡಿಯುವವರಲ್ಲಿ ಬೇಸಾಯದಲ್ಲಿ ಇರುವವರ ಪಾಲು 2018-19ರಲ್ಲಿ ನೂರಕ್ಕೆ 42.5 ಇದ್ದದ್ದು 2019-20ರಲ್ಲಿ 45.6ಕ್ಕೆ ಏರಿತು. ಈ ಸಮೀಕ್ಷೆಯ ವರ್ಷ ಆಗ ಜುಲೈಯಿಂದ ಜೂನ್‌ವರೆಗೆ ಇತ್ತು. ಅಂದರೆ ಲಾಕ್‌ಡೌನಿನ ತಿಂಗಳುಗಳೂ ಅದರಲ್ಲಿ ಸೇರಿವೆ. ಹಾಗಿದ್ದೂ ವರ್ಷದ ಅಳತೆಯಲ್ಲಿ ದೇಶದ ನಿರುದ್ಯೋಗ 5.8ರಿಂದ 4.8ಕ್ಕೆ ಇಳಿಯಿತು! ಅದೇ ಹೊತ್ತಿಗೆ ವಾರದ ಅಳತೆಯಲ್ಲಿ ಪಟ್ಟಣಗಳ ನಿರುದ್ಯೋಗ 2020ರ ಏಪ್ರಿಲ್-ಜೂನ್ ತಿಂಗಳುಗಳಲ್ಲಿ ನೂರಕ್ಕೆ ಇಪ್ಪತ್ತನ್ನು ದಾಟಿತ್ತು. ಎರಡೂ ಸರಕಾರದ್ದೇ ಅಂಕಿ, ಎರಡೂ ಸುಳ್ಳಲ್ಲ. ಒಂದು ವರ್ಷವನ್ನು ನೋಡಿತು, ಒಂದು ವಾರವನ್ನು ನೋಡಿತು. ಒಂದು ಗದ್ದೆಯನ್ನೂ ಸೇರಿಸಿ ನೋಡಿತು, ಒಂದು ಬೀಗ ಹಾಕಿದ ಹೋಟೆಲನ್ನು ನೋಡಿತು.

ಇಲ್ಲಿಂದ ನಾನು ಕಲಿತ ಮುಖ್ಯ ಪಾಠ ಇದು. ಬಡವನಿಗೆ ನಿರುದ್ಯೋಗಿಯಾಗಿರುವ ಸೌಕರ್ಯವಿಲ್ಲ. ಕಾಯುವ ಶಕ್ತಿ ಇರುವವನೇ ನಿರುದ್ಯೋಗಿ ಎನಿಸಿಕೊಳ್ಳುತ್ತಾನೆ. 2023-24ರಲ್ಲಿ ದೇಶದ ಒಟ್ಟು ನಿರುದ್ಯೋಗ ನೂರಕ್ಕೆ 3.2. ಆದರೆ 15ರಿಂದ 29 ವರ್ಷದವರಲ್ಲಿ, ಅಂದರೆ ನಿಮ್ಮ ವಯಸ್ಸಿನವರಲ್ಲಿ, ಅದು 10.2. ಹೆಚ್ಚು ಓದಿದವರಲ್ಲಿ ಓದದವರಿಗಿಂತ ನಿರುದ್ಯೋಗ ಹೆಚ್ಚು. ಓದು ಕೆಲಸಕ್ಕೆ ಬಾರದೆಂದು ಇದರ ಅರ್ಥವಲ್ಲ. ಮಾಣಿ ಎರಡು ದಿನವೂ ಕಾಯಲಾರ. ನನ್ನ ಮಗ ಅಪ್ಪನ ಪಿಂಚಣಿಯ ನೆರಳಿನಲ್ಲಿ ತಕ್ಕ ಕೆಲಸಕ್ಕಾಗಿ ಹದಿನಾಲ್ಕು ತಿಂಗಳು ಕಾದ.

ಮಗನ ವಿಷಯಕ್ಕೆ ಬರುತ್ತೇನೆ. ಇದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. 2024ರ ಮಾರ್ಚಿನಲ್ಲಿ ಅವನ ಕಂಪನಿಯಲ್ಲಿ ಒಂದು ಇಡೀ ವಿಭಾಗವನ್ನು ಮುಚ್ಚಿದರು. ಮೊದಲ ಆರು ತಿಂಗಳು ದಿನಕ್ಕೆ ಹತ್ತು ಕಡೆ ಅರ್ಜಿ ಹಾಕುತ್ತಿದ್ದ. ಆಮೇಲೆ ವಾರಕ್ಕೆ ಹತ್ತು. 2025ರ ಆರಂಭದ ಹೊತ್ತಿಗೆ ಅದೂ ನಿಂತಿತು. "ಹುಡುಕುವುದು ಬಿಟ್ಟೆ ಅಮ್ಮಾ, ನನಗೆ ಯಾವ ಕೆಲಸವೂ ಬೇಡ" ಎಂದ. ಸಂಘದ ಯಕ್ಷಗಾನಕ್ಕೆ ಬರುವುದನ್ನೂ ಬಿಟ್ಟ. ಚಿಕ್ಕಂದಿನಲ್ಲಿ ಚೌಕಿಯಿಂದ ಎಬ್ಬಿಸಿ ಎಳೆದು ತರಬೇಕಾಗಿದ್ದ ಹುಡುಗ! ಬರದಿರಲು ಕಾರಣ ನಾವೇ. ಬಾಗಿಲಲ್ಲೇ ಹಿಡಿದು, "ಏನಪ್ಪಾ, ಈಗೆಲ್ಲಿ?" ಎಂದು ಕೇಳುವ ನಮ್ಮಂಥ ಹಿರಿಯರು. ಉದ್ಯೋಗಂ ಪುರುಷಲಕ್ಷಣಂ ಎಂಬ ಮಾತನ್ನು ನಾವು ತಲೆತಲಾಂತರದಿಂದ ಹೇಳುತ್ತ ಬಂದಿದ್ದೇವೆ. ಹಾಗಾದರೆ ಕೆಲಸ ಹೋದ ದಿನ ಹುಡುಗ ಏನಾಗಬೇಕು? ಮನೆಯಲ್ಲಿ ಕುಳಿತ ಹೆಣ್ಣನ್ನು ಯಾರೂ 'ಕೆಲಸವಿಲ್ಲದವಳು' ಎಂದು ಮರುಗುವುದಿಲ್ಲ. ಮನೆಯಲ್ಲಿ ಕುಳಿತ ಗಂಡನ್ನು ಯಾರೂ ಬಿಡುವುದಿಲ್ಲ. ಒಂದೇ ಮನೆಯಲ್ಲಿ ಇವೆರಡನ್ನೂ ನೋಡಿದವಳು ನಾನು.

ಆ ದಿನಗಳಲ್ಲಿ ಅವನು ಶನಿವಾರ, ಭಾನುವಾರ ಸಂಜೆ ನನ್ನ ತಮ್ಮನ ಹೋಟೆಲಿಗೆ ಹೋಗಿ ಗಲ್ಲಾದಲ್ಲಿ ಕೂರುತ್ತಿದ್ದ. ತಮ್ಮ ಕೈಖರ್ಚಿಗೆಂದು ಸ್ವಲ್ಪ ಹಣ ಕೊಡುತ್ತಿದ್ದ. ವರದಿಯನ್ನು ಓದಿ ಮುಗಿಸಿದ ದಿನ ನನಗೆ ಉತ್ತರ ಸಿಕ್ಕಿತು. ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ, "ಮಗಾ, ಸಮೀಕ್ಷೆಯವರು ನಮ್ಮ ಮನೆಗೆ ಬಂದಿದ್ದರೂ ಆ ಐದರಲ್ಲಿ ನೀನು ಇರುತ್ತಿರಲಿಲ್ಲ. ಹುಡುಕದಿದ್ದರೂ ಸಿಕ್ಕರೆ ಮಾಡುತ್ತೇನೆ ಎಂದವರನ್ನು ಅವರು ನಿರುದ್ಯೋಗಿ ಎಂದೇ ಬರೆದುಕೊಳ್ಳುತ್ತಾರೆ. ನೀನು ಬೇಡ ಎನ್ನುತ್ತಿದ್ದೀ. ಅದೂ ಅಲ್ಲದೆ ಮಾವನ ಗಲ್ಲಾದಲ್ಲಿ ವಾರಕ್ಕೆ ಎಂಟು ಗಂಟೆ ಕೂತು ಹಣ ತಗೊಳ್ತೀ. ಅವರ ಲೆಕ್ಕದಲ್ಲಿ ನೀನು ಕೆಲಸದಲ್ಲಿದ್ದೀ."

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಹಾಗಾದ್ರೆ ನಾನು ಅಲ್ಲೂ ಇಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ನೀನು ಎಲ್ಲಿದ್ದೀ ಅಮ್ಮಾ?"

ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಕೇಳದಿದ್ದ ಪ್ರಶ್ನೆ. ತೊಂಬತ್ತಮೂರು ಎಂದೆ. ಕಾರ್ಡಿನ ಕತೆಯನ್ನೂ ಹೇಳಿದೆ. ಆ ರಾತ್ರಿ ಪಾತ್ರೆ ತೊಳೆಯುವಾಗ ಅವನು ಪಕ್ಕದಲ್ಲಿ ನಿಂತು ಒರೆಸಿಕೊಟ್ಟ. ಕೆಲಸದ ಮಾತು ಅದಾದ ಮೇಲೆ ನಮ್ಮಿಬ್ಬರ ನಡುವೆ ಸಲೀಸಾಯಿತು. ಆಗಸ್ಟಿನಲ್ಲಿ ಮತ್ತೆ ಅರ್ಜಿ ಹಾಕತೊಡಗಿದ. ಈಗ ತುರ್ಭೆಯ ಒಂದು ಸಣ್ಣ ಕಂಪನಿಯಲ್ಲಿದ್ದಾನೆ. ಸಂಬಳ ಹಿಂದಿನದರ ಮೂರರಲ್ಲಿ ಎರಡು ಪಾಲು. ದೇಶದ ಲೆಕ್ಕದಲ್ಲಿ ಅವನು ಗಲ್ಲಾದಲ್ಲಿದ್ದಾಗಲೂ ಒಬ್ಬ ಉದ್ಯೋಗಿ, ಈಗಲೂ ಒಬ್ಬ ಉದ್ಯೋಗಿ. ನಮ್ಮ ಮನೆಯ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮಕ್ಕಳೇ, ಮುಂದಿನ ಸಲ "ನಿರುದ್ಯೋಗ ಇಳಿಯಿತು" ಎಂದೋ "ಏರಿತು" ಎಂದೋ ಸುದ್ದಿ ಬಂದಾಗ ಸಂತೋಷಪಡುವ ಮೊದಲು, ಬೈಯುವ ಮೊದಲು, ಮೂರು ಪ್ರಶ್ನೆ ಕೇಳಿ. ಮೊದಲನೆಯದು, ನೂರು ಜನರಲ್ಲಿ ಕೆಲಸ ಮಾಡುವವರು ಎಷ್ಟು? 2023-24ರಲ್ಲಿ 15 ವರ್ಷ ದಾಟಿದವರಲ್ಲಿ ಅದು 58.2. ಗಂಡಸರಲ್ಲಿ 76.3, ಹೆಂಗಸರಲ್ಲಿ 40.3. ಈ ಅಂಕಿಯಲ್ಲಿ ಕೈಚೆಲ್ಲಿ ಕುಳಿತವರನ್ನು ಮರೆಮಾಡಲು ಬರುವುದಿಲ್ಲ. ಎರಡನೆಯದು, ಎಂಥ ಕೆಲಸ? ಅದೇ ವರ್ಷ ದುಡಿಯುವವರಲ್ಲಿ ತಿಂಗಳ ಸಂಬಳದವರು ನೂರಕ್ಕೆ 21.7 ಮಾತ್ರ. ಮೂರನೆಯದು, ಆ ದುಡಿಮೆಯ ಹಣ ಅಕ್ಕಿ, ಬಾಡಿಗೆ, ಮಕ್ಕಳ ಫೀಸಿನ ಬೆಲೆಯೇರಿಕೆಗೆ ಸಾಟಿಯಾಗಿ ಏರುತ್ತಿದೆಯೇ?

ಈ ಪ್ರಶ್ನೆಗಳು ಒಳ್ಳೆಯ ಸುದ್ದಿಗೂ ಬೇಕು. ದುಡಿಯುವ ಅಥವಾ ಕೆಲಸ ಬೇಕೆನ್ನುವ ಹೆಂಗಸರ ಪ್ರಮಾಣ 2017-18ರಲ್ಲಿ ನೂರಕ್ಕೆ 23.3 ಇದ್ದದ್ದು 2023-24ರಲ್ಲಿ 41.7ಕ್ಕೆ ಏರಿದೆ. ಓದಿದಾಗ ನನಗೆ ಬಹಳ ಹಿಗ್ಗಾಯಿತು. ಎರಡನೇ ಪ್ರಶ್ನೆ ಕೇಳಿದೆ. ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವ ಇಪ್ಪತ್ತೊಂದನೇ ನಂಬರಿನವರು. ಅವರು ಎಣಿಕೆಗೆ ಬಂದದ್ದು ಒಳ್ಳೆಯದೇ. ಆದರೆ ಕೈಗೆ ಕಾಸು ಬಂದಿಲ್ಲ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದು ನೋಡಲು ಕಲಿಯಿರಿ. ನಿಮ್ಮ ಕಾಲಕ್ಕೆ ಅದು ಬಹಳ ಬೇಕಾಗುತ್ತದೆ.

ಕೊನೆಗೆ ಎರಡು ಸಣ್ಣ ಕೋರಿಕೆಗಳು. ಸಂಘದ ಬಾಗಿಲಲ್ಲಿ ನಿಮ್ಮ ವಯಸ್ಸಿನವನೊಬ್ಬ ಸಿಕ್ಕಿದರೆ "ಈಗೆಲ್ಲಿ?" ಎಂದು ಕೇಳಬೇಡಿ. "ಹೇಗಿದ್ದೀ?" ಎಂದು ಕೇಳಿ. ಹೇಳಬೇಕೆನಿಸಿದರೆ ಉಳಿದದ್ದನ್ನು ಅವನೇ ಹೇಳುತ್ತಾನೆ. ನಾವು ಹಿರಿಯರೂ ಕಲಿಯುತ್ತೇವೆ, ಸ್ವಲ್ಪ ಸಮಯ ಕೊಡಿ. ಎರಡನೆಯದು, ಸಮೀಕ್ಷೆಯವರು ಎಂದಾದರೂ ನಿಮ್ಮ ಮನೆಗೆ ಬಂದರೆ, ಬಾಗಿಲು ತೆರೆದವರು ನೀವೇ ಆಗಿದ್ದರೆ, ಅಮ್ಮನ ಬಗ್ಗೆ ಕೇಳಿದಾಗ "ಏನೂ ಮಾಡುವುದಿಲ್ಲ" ಎಂದು ನೀವೇ ಉತ್ತರಿಸಿಬಿಡಬೇಡಿ. ಅಮ್ಮನನ್ನು ಒಳಗಿನಿಂದ ಕರೆಯಿರಿ. ಹಪ್ಪಳ ಮಾರುತ್ತಾಳೋ, ಟ್ಯೂಷನ್ ಹೇಳುತ್ತಾಳೋ, ಕೆಲಸ ಸಿಕ್ಕರೆ ಹೋಗಬೇಕೆಂಬ ಆಸೆ ಇನ್ನೂ ಇದೆಯೋ, ಅವಳೇ ಹೇಳಲಿ. ನಿಮಗೂ ಅದು ಹೊಸ ಸುದ್ದಿಯಾದೀತು.

ನನ್ನ ವಿಷಯ ಕೇಳುತ್ತೀರಾದರೆ, ನಮ್ಮ ಕಟ್ಟಡದ ನಾಲ್ಕು ಮಕ್ಕಳಿಗೆ ಕಳೆದ ದಸರೆಯಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಫೀಸು ತೆಗೆದುಕೊಳ್ಳುತ್ತೇನೆ. ಮಗನೇ ಹೇಳಿದ, "ತಗೋ ಅಮ್ಮಾ, ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ" ಎಂದು. ಸಮೀಕ್ಷೆಯ ಹುಡುಗಿ ಮತ್ತೆ ಬಂದರೆ ನನ್ನ ನಂಬರು ಈಗ ಹನ್ನೊಂದು. ರವಿಕೆ ಹೊಲಿಯುವುದು ಮಾತ್ರ ಇನ್ನೂ ಮನೆಮಟ್ಟಿಗೇ.

ನಿಮಗೆಲ್ಲ ಒಳ್ಳೆಯ ಕೆಲಸ ಸಿಗಲಿ. ಸಿಗುವವರೆಗಿನ ದಿನಗಳಲ್ಲೂ ಸಂಘಕ್ಕೆ ಬರುತ್ತಿರಿ.